ಕೆಂಚನಿಗೆ ಕೂರಲು ಕಲಿಸಿದ್ದು

ಸೀತೂರಿಗೆ ಹೋಗಿ ಸರೋಜಳ ಮನೆ ಎಲ್ಲಿ ಅಂತ ಕೇಳಿದರೆ, ಹೋದ ವರ್ಷದವರೆಗೆ ಜನ ‘ಅಡಿಕೆ ಕೊನೆ ತೆಗೆಯುವ ಬೈರಪ್ಪನ ಮನೆಯಾ?’ ಅನ್ನುತ್ತಿದ್ದರು. ಈಚೆಗೆ ‘ಬೈಕು ಅಟ್ಟಿಸಿಕೊಂಡು ಬರೋ ನಾಯಿ ಮನೆಯಾ?’ ಅನ್ನತೊಡಗಿದರು.

ಇಪ್ಪತ್ತು ವರ್ಷ ಗಂಡ ಹೆಂಡತಿ ಒಂದೇ ಹಗ್ಗದಲ್ಲಿ ದುಡಿದವರು. ಬೈರಪ್ಪ ಮರದ ತುದಿಯಲ್ಲಿ ಅಡಿಕೆ ಗೊಂಚಲು ಕೊಯ್ದು ಹಗ್ಗದ ಮೇಲೆ ಜಾರಿಸುವುದು, ಸರೋಜ ಕೆಳಗೆ ಹಗ್ಗ ಬಿಗಿ ಹಿಡಿದು ಇಳಿಸಿಕೊಳ್ಳುವುದು. ಮಂಡಿ ನೋವು ಶುರುವಾದ ಮೇಲೆ ಅವಳು ಮನೆಯಲ್ಲೇ ಉಳಿದಳು. ಸಂಜೆ ತಿರುವಿನಲ್ಲಿ ಅವನ ಬೈಕಿನ ಸದ್ದು ಕೇಳಿದರೆ ಸಾಕು, ನಾಯಿ ಕೆಂಚ ಅಂಗಳ ಹಾರಿ ಓಡುತ್ತಿತ್ತು. ಸರೋಜ ಎದ್ದು ಅವನ ಸ್ನಾನದ ಹಂಡೆಯ ಒಲೆಗೆ ಸೌದೆ ತಳ್ಳುತ್ತಿದ್ದಳು. ಹೋದ ಕೊಯ್ಲಿನಲ್ಲಿ ಮರ ಮುರಿದು ಬಿದ್ದ ಬೈರಪ್ಪ ಹೆಣವಾಗಿ ಮನೆಗೆ ಬಂದದ್ದು ಆಂಬುಲೆನ್ಸಿನಲ್ಲಿ. ಬೈಕನ್ನು ಅವನ ಅಣ್ಣ ಮಾರಿದ.

ಆಮೇಲೆ ಶುರುವಾಯಿತು ಕೆಂಚನ ರಂಪ. ಯಾವ ಬೈಕು ಬಂದರೂ ಮೇಲೆ ಬೀಳುವುದು. ಡೇರಿಗೆ ಹಾಲು ಒಯ್ಯುವ ಪ್ರಕಾಶನ ಪ್ಯಾಂಟು ಎರಡು ಸಲ ಹರಿಯಿತು, ಮೂರನೇ ಸಲ ಹಾಲಿನ ಕ್ಯಾನೇ ಉರುಳಿತು.

“ಪ್ಯಾಂಟು ಹೋಗ್ಲಿ ಸರೋಜಕ್ಕ, ಮದುವೆ ತನಕ ಕಾಲಾದ್ರೂ ಉಳೀಬೇಕಲ್ಲ ಮಾರಾಯ್ತಿ. ದೀಪಾವಳಿವರೆಗೆ ನೋಡ್ತೀನಿ. ಆಮೇಲೆ ಚೀಲಕ್ಕೆ ಹಾಕಿ ಘಾಟಿಗೆ ಬಿಟ್ಟು ಬರೋದೇ.”

“ನಂಗೆ ಅಂತ ಇರೋದು ಅದೊಂದೇ ಪ್ರಕಾಶ. ಕಲಿಸ್ತೀನಿ, ತಡಿ.”

ಬಾಳೆಹೊನ್ನೂರಿನ ದನದ ಡಾಕ್ಟರು ದಾರಿ ಹೇಳಿದರು. ಹೊಡೆಯಬಾರದು. ಬೈಕು ಕಾಣಬೇಕು, ಆದರೆ ನಾಯಿ ಗುರ್ ಅನ್ನಬಾರದು, ಅಷ್ಟು ದೂರದಲ್ಲಿ ಕೂರಿಸಬೇಕು. ಬೈಕು ಕಂಡ ಕೂಡಲೇ ತಿನ್ನಲು ಕೊಡಬೇಕು. ದಿನಾ ಒಂದೊಂದು ಹೆಜ್ಜೆ ಹತ್ತಿರ. ಗುರ್ ಅಂದರೆ ಮತ್ತೆ ಹಿಂದೆ. “ಮೊದ್ಲು ಅದು ಎಂತ ಮಾಡ್ತದೆ, ಸರಿಯಾಗಿ ನೋಡಮ್ಮ” ಎಂದರು.

ಸರೋಜ ಬೈರಪ್ಪನ ಹಗ್ಗದಲ್ಲೇ ಕೆಂಚನನ್ನು ಕಟ್ಟಿಕೊಂಡು, ರಸ್ತೆಯಿಂದ ಮೂವತ್ತು ಹೆಜ್ಜೆ ದೂರ, ಸೌದೆ ಕೊಟ್ಟಿಗೆಯ ಬಳಿ ಕೂತಳು. ಸೆರಗಿನ ಗಂಟಿನಲ್ಲಿ ಸುಟ್ಟ ಒಣಮೀನು. ಪ್ರಕಾಶನೂ ಪಾಪ, ಸಂಜೆ ಸಂಜೆ ಬೈಕು ನಿಧಾನ ಮಾಡಿ, “ನಂಗೂ ಒಂದು ತುಂಡು ಕೊಡಕ್ಕ, ನಾನೂ ಕಚ್ಚಲ್ಲ” ಎನ್ನುತ್ತ ಹೋಗುತ್ತಿದ್ದ.

ಎಂಟನೇ ದಿನ ಅವಳ ಕಣ್ಣಿಗೆ ಬಿತ್ತು. ಸದ್ದು ಕೇಳಿದಾಗ ಕೆಂಚ ಮೊದಲು ಬಾಲ ಆಡಿಸುತ್ತಿತ್ತು. ಕಿವಿ ಹಿಂದಕ್ಕೆ ಹೋಗಿ ಮೈಯೆಲ್ಲ ಕುಣಿಯುತ್ತಿತ್ತು. ಬೈಕು ತಿರುವು ದಾಟಿ, ಅದರ ಮೇಲೆ ಕೂತವನ ಮುಖ ಕಂಡ ಮೇಲೆಯೇ ಹಲ್ಲು ತೋರಿಸುತ್ತಿತ್ತು.

ಅವತ್ತು ಸರೋಜ ಮೀನು ಕೊಡುವುದನ್ನೇ ಮರೆತಳು. ಇದಕ್ಕೆ ಕೂರಲು ಕಲಿಸುವುದೆಂದರೆ, ಬೈರಪ್ಪನ ಬೈಕು ಇನ್ನು ಬರುವುದಿಲ್ಲ ಎಂದು ಕಲಿಸುವುದು. ಕಲಿಸದಿದ್ದರೆ ಘಾಟಿ.

ಮರುದಿನ ಒಂದು ಹೆಜ್ಜೆ ಮುಂದೆ ಕೂತಳು.

ದೀಪಾವಳಿಗೆ ನಾಲ್ಕು ದಿನವಿರುವಾಗ ಇಬ್ಬರೂ ರಸ್ತೆಯ ಅಂಚಿಗೆ ಬಂದಿದ್ದರು. ಪ್ರಕಾಶ ಬೈಕು ನಿಲ್ಲಿಸಿ, ಬೇಕೆಂದೇ ಎರಡು ಸಲ ರೇಸು ಮಾಡಿದ. ಕೆಂಚ ಅವನ ಕಡೆ ತಿರುಗಲಿಲ್ಲ, ಸರೋಜಳ ಕೈ ನೋಡುತ್ತಿತ್ತು. ಬಾಲ ಅಲ್ಲಾಡಲಿಲ್ಲ.

“ಗೆದ್ದೆ ಬಿಡಕ್ಕ” ಎಂದ ಪ್ರಕಾಶ.

“ಹ್ಞೂಂ” ಎಂದಳು ಸರೋಜ.

ಮರುದಿನ ಸಂಜೆ ಅವಳು ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಕೆಂಚನನ್ನು ಬಿಚ್ಚಿ ಹಗ್ಗವನ್ನು ಗೋಡೆಯ ಗೂಟಕ್ಕೆ ನೇತುಹಾಕಿದ್ದಳು. ತಿರುವಿನಲ್ಲಿ ಬೈಕಿನ ಸದ್ದಾಯಿತು. ಎದ್ದು, ಹಂಡೆಯ ಒಲೆಯ ತನಕ ಹೋಗಿ, ಸೌದೆ ಕೈಗೆತ್ತಿಕೊಂಡ ಮೇಲೆ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಾಯಿತು.

“ಕೂತ್ಕ” ಎಂದಳು.

ಕೆಂಚ ಕೂತೇ ಇತ್ತು.