ರತ್ನಾಬಾಯಿಯ ಕರಣಿ

ಬೇರೆ ಮನೆಗಳ ಮಾಲಕಿಯರು ಸೊಂಟಕ್ಕೆ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡಿದರೆ, ನಮ್ಮ ರತ್ನಾಬಾಯಿ ಕರಣಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಮನೆ ಕಟ್ಟುವ ಗೌಂಡಿಗಳು ಗೋಡೆಗೆ ಗಾರೆ ಮೆತ್ತಿ ಗಿಲಾಯಿ ಮಾಡುವ ಕರಣಿ. ಹಿಡಿಕೆ ಸವೆದು ನುಣುಪಾಗಿತ್ತು, ತುದಿ ಮೊಂಡಾಗಿತ್ತು. ಅದರ ಸಮೇತ ಕಾಯಿಪಲ್ಯ ತರಲು ಬಜಾರಕ್ಕೆ ಹೋಗುತ್ತಿದ್ದರು, ಅದರ ಸಮೇತವೇ ಬಂದು ನನ್ನ ಬಾಗಿಲಲ್ಲಿ ನಿಂತು, "ಅಕ್ಕೋರ, ನಿಮ್ಮ ಗ್ವಾಡಿ ಯಾಕೋ ನನ್ನ ಕರೀಲಾಕತ್ತದ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿತ್ತೆಂದರೆ ನನ್ನ ರವಿವಾರ ಮಣ್ಣುಪಾಲು.

ನಾನು ಆಗ ಕಲಬುರಗಿಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಅವ್ವ ಕಮಲಾಪುರದಲ್ಲಿ, ನಾನು ಇಲ್ಲಿ ರತ್ನಾಬಾಯಿಯ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ. ಅವರು ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಾಳಿಗೆಯ ಮೇಲೆ ಒಂದು ಖೋಲಿ, ಒಂದು ಬಚ್ಚಲು ಕಟ್ಟಿಕೊಂಡು ಒಬ್ಬರೇ ಇದ್ದರು. ನಾನು ಮೇಲೆ ಹೋದವಳೇ ಅಲ್ಲ. ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ, ದಿನಕ್ಕೆ ನಾಲ್ಕು ಸಲ ಅವರೇ ಕೆಳಗಿಳಿದು ಬರುತ್ತಿದ್ದರಲ್ಲ.

ಮನೆಯೊಳಗೆ ಒಬ್ಬ ಗೌಂಡಿ, ಒಬ್ಬ ಬಡಿಗ ಕಾಲಿಡಬಾರದು ಎಂಬುದು ಅವರ ಹಟ. "ನಮ್ಮಪ್ಪ ಗೌಂಡಿ ಇದ್ದ. ಹತ್ತು ವರ್ಷದಕಿ ಇದ್ದಾಗಿಂದ ಅವನ ಕೈಯಾಗ ಕಲ್ಲು ಕೊಟ್ಟೀನಿ, ಬುಟ್ಟಿ ಹೊತ್ತೀನಿ. ಒಂದಿನಾನೂ ಕರಣಿ ಮುಟ್ಟಗೊಡಲಿಲ್ಲ. ಹೆಣ್ಣಮಕ್ಕಳು ಮುಟ್ಟಿದ್ರ ಗ್ವಾಡಿ ಸೀದಾ ಏಳಂಗಿಲ್ಲಂತ. ಅವ ಹೋದ ಮ್ಯಾಲ ನಾನೇ ತೊಗೊಂಡೆ" ಎನ್ನುತ್ತಿದ್ದರು. ಹೀಗೆ ಬಂದದ್ದು ಆ ಕರಣಿ. ಬುಟ್ಟಿ ಹೊತ್ತವರಿಗೆ ಗೌಂಡಿಕೆ ಬರುತ್ತದೆಂದು ಯಾರು ಹೇಳಿದರೋ ಏನೋ, ಅದರ ಫಲ ಮಾತ್ರ ನಾನು ಉಂಡೆ.

ನಾನು ಬಂದ ಹೊಸದರಲ್ಲಿ ನನಗೆ ಮಂಚವಿರಲಿಲ್ಲ. ರತ್ನಾಬಾಯಿ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಸಾಗವಾನಿ ಬಾಗಿಲಿಗೆ ನಾಲ್ಕು ಕಾಲು ಜಡಿದು ಮಂಚ ಮಾಡಿಕೊಟ್ಟರು. ನೋಡಲು ಚಂದವೇ ಇತ್ತು. ಆದರೆ ಚಿಲಕ ಹಾಗೇ ಇತ್ತು, ಸರಿಯಾಗಿ ನನ್ನ ಬೆನ್ನಿನ ಕೆಳಗೆ. ಮೂರು ದಿನ ಗಾದಿ ಮಡಚಿ ಹಾಕಿ ನೋಡಿದೆ. ನಾಲ್ಕನೆಯ ದಿನ ಕೇಳಿಯೇ ಬಿಟ್ಟೆ.

"ಬಾಯಿ, ಈ ಚಿಲಕ ತೆಗೀಬೇಕಿತ್ತಲ್ರೀ."

"ಗಟ್ಟಿ ಅದ ಅಕ್ಕೋರ, ಇರ್ಲಿ ಬಿಡ್ರಿ. ನಾಳಿ ಮತ್ತ ಬಾಗಿಲಾ ಮಾಡಬೇಕಂದ್ರ ಬರ್ತದ."

ಮಲಗುವವಳ ಬೆನ್ನಿಗಿಂತ ನಾಳಿನ ಬಾಗಿಲು ಹೆಚ್ಚು. ಚಿಲಕ ಇರುವ ಕಡೆಗೆ ಕಾಲು ಮಾಡಿ ಮಲಗುವುದನ್ನು ರೂಢಿ ಮಾಡಿಕೊಂಡೆ. ಅವರು ಹಾಕಿದ ಹಲಗೆ ಕಪಾಟು ಒಂದು ದಿನ ಮಕ್ಕಳ ಉತ್ತರ ಪತ್ರಿಕೆಗಳ ಸಮೇತ ಉಪ್ಪಿನಕಾಯಿ ಭರಣಿಯ ಮೇಲೆ ಬಿತ್ತು. ಎಣ್ಣೆ ಹತ್ತಿದ ಪತ್ರಿಕೆಗಳನ್ನು ಹೆಡ್‌ಮಾಸ್ತರರ ಮುಂದಿಟ್ಟು ನಾನೇನು ಹೇಳಿದೆನೋ ದೇವರಿಗೇ ಗೊತ್ತು. ಮನೆ ಬಿಡಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಅಂದುಕೊಂಡ ಮರುದಿನವೇ ಒಂದು ಡಬ್ಬಿ ಶೇಂಗಾದ ಹಿಂಡಿ, ಎರಡು ಕಟಕ ರೊಟ್ಟಿ ತಂದಿಡುತ್ತಿದ್ದರು.

ಹಾಗಿರುವಾಗ ಅವ್ವ ಕಮಲಾಪುರದಲ್ಲಿ ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಮನೆಗೆ ಕಳಿಸಲು ಇನ್ನೂ ಎರಡು ವಾರವಿರುವಾಗ ಡಾಕ್ಟರು ನನ್ನನ್ನು ಕರೆದು, "ಇನ್ನೊಮ್ಮಿ ಬಿದ್ರ ಏಳಂಗಿಲ್ಲ ನೋಡ್ರಿ. ಬಚ್ಚಲದಾಗ ಹುಷಾರಿ" ಎಂದರು. ಅವ್ವನನ್ನು ಇನ್ನು ನನ್ನ ಬಾಡಿಗೆ ಮನೆಗೇ ಕರೆತರಬೇಕಿತ್ತು. ನಮ್ಮ ಬಚ್ಚಲಿನ ನೆಲದ ಸಿಮೆಂಟು ಕಿತ್ತು ತಗ್ಗು ಬಿದ್ದಿತ್ತು, ಗಟ್ಟಿಮುಟ್ಟಾದವಳು ನಾನೇ ಅಲ್ಲಿ ಎಡವುತ್ತಿದ್ದೆ.

"ಬಾಯಿ, ಈ ಸಲ ಗೌಂಡಿನ್ನ ಕರಸೋಣ್ರೀ. ಅವ್ವನ ಜೀವದ ಮಾತು" ಎಂದೆ.

"ಗೌಂಡಿ ಯಾಕ? ನಾ ಸತ್ತೀನೇನು?" ಎಂದು ಕರಣಿ ಎಳೆದುಕೊಂಡರು.

ಶಾಲೆ, ಆಸ್ಪತ್ರೆ ಎಂದು ತಿರುಗುವುದರಲ್ಲಿ ನನಗೆ ಜಗಳವಾಡಲು ಪುರಸೊತ್ತಿರಲಿಲ್ಲ. ಆಗ ಊರಲ್ಲಿ ಟೈಲ್ಸಿನ ಹುಚ್ಚು ಹೊಸದಾಗಿ ಶುರುವಾಗಿತ್ತು. ಯಾವುದೋ ಅಂಗಡಿಯಲ್ಲಿ ಉಳಿದ ಗುಲಾಬಿ ಹೂವಿನ ಟೈಲ್ಸ್ ತಂದು, ಐದು ದಿನ ಮೊಣಕಾಲೂರಿ ಕೂತು ಬಚ್ಚಲಿಗೆ ಹಾಸಿದರು. ಬಿಳಿ ಸಿಮೆಂಟು ಒಣಗಿದ ಮೇಲೆ ನನ್ನ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಚಂದವೆಂದರೆ ಚಂದ. ಒಂದು ತಂಬಿಗೆ ನೀರು ಸುರಿದು ಕಾಲಿಟ್ಟೆ. ಇಟ್ಟ ಕಾಲು ಅಲ್ಲಿ ನಿಲ್ಲಲಿಲ್ಲ. ಗೋಡೆ ಹಿಡಿಯದಿದ್ದರೆ ಅವ್ವನ ಪಕ್ಕದ ಮಂಚವೇ ನನಗೂ ಗತಿಯಾಗುತ್ತಿತ್ತು.

ಅವು ಗೋಡೆಗೆ ಹಚ್ಚುವ ನುಣುಪು ಟೈಲ್ಸ್. ನೆಲಕ್ಕೆ ಹಾಸಿದ್ದರು.

ನನಗೆ ಎಲ್ಲಿತ್ತೋ ಸಿಟ್ಟು. ಚಿಲಕ, ಕಪಾಟು, ಹಾಳಾದ ರವಿವಾರಗಳು ಎಲ್ಲ ಒಟ್ಟಿಗೆ ಹೊರಬಂದವು. "ನನ್ನ ಅವ್ವನ್ನ ಕೊಲ್ಲಬೇಕಂತ ಮಾಡೀರೇನು? ಗೌಂಡಿ ನಿಮ್ಮಪ್ಪ ಇದ್ದ ಬಾಯಿ, ನೀವಲ್ಲ. ನೀವು ಬುಟ್ಟಿ ಹೊತ್ತವರು, ಅಷ್ಟ" ಎಂದುಬಿಟ್ಟೆ.

ರತ್ನಾಬಾಯಿ ಕರಣಿಗೆ ಹತ್ತಿದ ಒಣ ಸಿಮೆಂಟನ್ನು ಸೀರೆಯ ಸೆರಗಿನಿಂದ ಒರೆಸಿಕೊಳ್ಳುತ್ತ ಮೇಲೆ ಹೋದರು. ಅವ್ವನನ್ನು ಮನೆಗೆ ತರಲು ನಾಲ್ಕೇ ದಿನ ಉಳಿದಿತ್ತು. ನಾನು ಹಗಲೆಲ್ಲ ಶಾಲೆ, ರಾತ್ರಿ, ಸ್ನಾನ ಎಲ್ಲ ಆಸ್ಪತ್ರೆಯಲ್ಲೇ ಅವ್ವನ ಬಳಿ. ಮನೆಯಲ್ಲಿ ಏನು ನಡೆದಿದೆ ಎಂದು ನೋಡಲು ಹೋಗಲೇ ಇಲ್ಲ. ಓಣಿಯ ಕೊನೆಯ ಗೌಂಡಿಗೆ ಹೇಳಿ ಇಟ್ಟಿದ್ದೆ, ಅವನು ಇವತ್ತು ನಾಳೆ ಎನ್ನುತ್ತಿದ್ದ.

ಅವ್ವನನ್ನು ಆಟೋದಲ್ಲಿ ಕರೆತಂದ ದಿನ ಬಚ್ಚಲು ನೋಡಿದರೆ ಗುಲಾಬಿ ಹೂವು ಒಂದೂ ಇರಲಿಲ್ಲ. ಹಳೆಯ ಶಹಾಬಾದ ಕಲ್ಲಿನ ಫರಸಿ ಹಾಸಿದ್ದರು. ಒರಟು ಕಲ್ಲು, ಎಷ್ಟೋ ವರ್ಷ ಯಾರದೋ ಕಾಲು ತಾಗಿದ್ದು. ನೀರು ಸುರಿದರೂ ಕಾಲು ಕಚ್ಚಿ ನಿಲ್ಲುತ್ತಿತ್ತು.

"ಎಲ್ಲಿಂದ ತಂದ್ರಿ ಬಾಯಿ?"

"ಎಲ್ಲಿಂದರ ತಂದೀನಿ. ಅವ್ವಾರನ್ನ ಒಳಗ ಕರಕೊಂಡ ಬರ್ರಿ ಮೊದಲ."

"ಈ ಮೂಲ್ಯಾಗ ನೀರು ನಿಂದರಲಾಕತ್ತದಲ್ರೀ" ಎಂದೆ. ನೀರು ಹೋಗುವ ತೂತಿನ ಕಡೆಗೆ ಇಳಿಜಾರು ಸರಿಯಾಗಿ ಕೊಟ್ಟಿರಲಿಲ್ಲ. ಅಂಥ ಹೊತ್ತಿನಲ್ಲೂ ನನ್ನ ಕಣ್ಣಿಗೆ ಬಿದ್ದದ್ದು ಅದು.

ಆ ಫರಸಿಯ ಮೇಲೆ ಅವ್ವ ಎರಡು ವರ್ಷ ಸ್ನಾನ ಮಾಡಿದಳು. ಮೊದಲು ಕಬ್ಬಿಣದ ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು, ಕಡೆಗೆ ಏನೂ ಇಲ್ಲದೆ. ಒಂದು ಸಲವೂ ಜಾರಲಿಲ್ಲ. ನಾನು ಮಾತ್ರ ದಿನಾ ಮೂಲೆಯ ನೀರನ್ನು ಕಸಬರಿಗೆಯಿಂದ ದೂಡುತ್ತ ಗೊಣಗುತ್ತಿದ್ದೆ. ಕಮಲಾಪುರಕ್ಕೆ ನನ್ನ ವರ್ಗವಾದಾಗ ಅವ್ವ ರತ್ನಾಬಾಯಿಯ ಎರಡೂ ಕೈ ಹಿಡಿದು ಅತ್ತಳು. ನಾನು ನಮ್ಮೂರಿನ ಕೆಂಪು ಬಾಳೆಹಣ್ಣು ಕಳಿಸುತ್ತೇನೆ ಎಂದೆ. ಕಳಿಸಿದೆ ಕೂಡ. ಬುಟ್ಟಿ ಹೊತ್ತವರೆಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ಕೆಳಗಿನ ಮನೆಯ ಹೊಸ ಬಾಡಿಗೆಯವರಿಂದ ಸುದ್ದಿ ಬಂತು, ರತ್ನಾಬಾಯಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಾರೆ ಎಂದು. ಬಸ್ಸು ಹಿಡಿದು ಓಡಿದೆ. ಆಸ್ಪತ್ರೆಯಲ್ಲಿದ್ದ ಅವರ ಅಣ್ಣನ ಮಗ ಕೀಲಿಕೈ ಕೊಟ್ಟು, "ಅಕ್ಕೋರ, ಅತ್ತಿದು ಎರಡು ಸೀರಿ ತಂದುಕೊಡ್ರಿ" ಎಂದ. ಮೊದಲ ಸಲ ಆ ಮೆಟ್ಟಿಲು ಹತ್ತಿದೆ. ಖೋಲಿಯ ಮಗ್ಗುಲಿಗೆ ಬಚ್ಚಲಿನ ಬಾಗಿಲು ತೆರೆದೇ ಇತ್ತು. ನೆಲದ ತುಂಬ ಗುಲಾಬಿ ಹೂವು.

ತಮ್ಮ ಕಾಲಡಿಯ ಫರಸಿ ಕಿತ್ತು ನನ್ನ ಅವ್ವನಿಗೆ ಹಾಸಿ, ನಾನು ಬೇಡವೆಂದ ಟೈಲ್ಸನ್ನು ತಮಗೆ ಹಾಸಿಕೊಂಡಿದ್ದರು. ಬಾಗಿಲಿನಿಂದ ನಳದವರೆಗೆ ಹಿಡಿದುಕೊಳ್ಳಲು ಒಂದು ಹಗ್ಗ ಕಟ್ಟಿಕೊಂಡಿದ್ದರು. ಹಗ್ಗದ ಮೊಳೆ ಗೋಡೆಯಿಂದ ಕಿತ್ತು ಬಂದಿತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ಸಿಟ್ಟೂ ಬಂತು. ಒಂದು ಮೊಳೆಯನ್ನಾದರೂ ಗಟ್ಟಿಯಾಗಿ ಹೊಡೆಯಬಾರದಿತ್ತೇ ಈ ಹೆಂಗಸು.

ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು, "ಯಾಕ ಹೇಳಲಿಲ್ಲ ಬಾಯಿ?" ಎಂದೆ.

"ಹೇಳಿದ್ರ ನೀವು ಗೌಂಡಿನ್ನ ಕರೀತಿದ್ರಿ" ಎಂದರು. ನನ್ನ ಕಡೆ ಮುಖ ತಿರುಗಿಸಿ ಕೇಳಿದರು, "ಅವ್ವಾರು ಆ ಬಚ್ಚಲದಾಗ ಒಮ್ಮೆರ ಬಿದ್ದಾರೇನು?"

"ಇಲ್ಲ."

"ಹಂಗಾರ ನೀವೇ ಹೇಳ್ರಿ ಅಕ್ಕೋರ, ನಾ ಗೌಂಡಿ ಹೌದೋ ಅಲ್ಲೋ?"

ಹೌದು ಎಂದರೆ ಮುಗಿಯುತ್ತಿತ್ತು. ಅಳು ಬರಬಾರದೆಂದು ಚೇಷ್ಟೆಯ ಮಾತೇ ಬಾಯಿಗೆ ಬಂತು. "ಮೂಲ್ಯಾಗ ನೀರು ನಿಂದರತಿತ್ತಲ್ರೀ" ಎಂದೆ. ರತ್ನಾಬಾಯಿ ನಕ್ಕರು. ನಗುವಾಗ ನೋವಾಯಿತೇನೋ, ಕಣ್ಣು ಮುಚ್ಚಿಕೊಂಡರು. ರವಿವಾರ ಬಂದು ಸರಿಯಾಗಿ ಹೇಳೋಣ ಎಂದು ಕಮಲಾಪುರದ ಬಸ್ಸು ಹತ್ತಿದೆ. ಶನಿವಾರವೇ ಅಣ್ಣನ ಮಗ ಅವರನ್ನು ಹುಮನಾಬಾದಿಗೆ ಕರೆದೊಯ್ದ. ಅಲ್ಲಿಂದ ಅವರು ತಿರುಗಿ ಬರಲಿಲ್ಲ, ತೀರಿಕೊಂಡ ಸುದ್ದಿಯೇ ಬಂತು.

ಈಗ ಕಮಲಾಪುರದಲ್ಲಿ ನಮ್ಮ ಸ್ವಂತ ಮನೆ. ಬಚ್ಚಲನ್ನು ಒಳ್ಳೆಯ ಗೌಂಡಿಯೇ ಮಾಡಿದ್ದಾನೆ, ಹನಿ ನೀರು ನಿಲ್ಲುವುದಿಲ್ಲ. ಅವ್ವ ಮಾತ್ರ ಒಳಗೆ ಹೋಗುವಾಗ ಇಂದಿಗೂ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ರತ್ನಾಬಾಯಿಯ ಬಚ್ಚಲಿಗೆ ಅವಳು ಒಬ್ಬಳೇ ಹೋಗುತ್ತಿದ್ದಳು.