ಕರಗಿದ ಮೊರ

ನೆನೆದ ಮೆಂತ್ಯವನ್ನು ಒರಳಿನಲ್ಲಿ ಅರೆಯುವಾಗ ಏಳುವ ಕಹಿ ವಾಸನೆ ಮೂಗಿಗೆ ಬಡಿದರೆ ಸಾಕು, ಗೌರಿ-ಗಣೇಶ ಕಳೆದ ಮಾರನೆಯ ದಿನ ನೆನಪಾಗುತ್ತದೆ, ನಾರ್ವೆ ಅತ್ತೆಯ ಬಚ್ಚಲುಮನೆ ನೆನಪಾಗುತ್ತದೆ. ಅದರ ಹಿಂದೆಯೇ ಸಿಟ್ಟು ಬರುತ್ತದೆ. ಈಗೀಗ ಸಿಟ್ಟೇ ಮೊದಲು.

ಅತ್ತೆಯೆಂದರೆ ಅಪ್ಪನ ತಂಗಿ ನಾಗವೇಣಿ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಗೆ ಮದುವೆಯಾಗಿ ಹೋದ ಅವಳಿಗೆ ಶೆಟ್ಟಿಕೊಪ್ಪದ ನಮ್ಮ ಮನೆಯಿಂದ ವರ್ಷವೂ ಗೌರಿ ಬಾಗಿನ ಹೋಗುತ್ತಿತ್ತು. ಬಿದಿರಿನ ಎರಡು ಮೊರ. ಅಮ್ಮ ಅವುಗಳ ಬೆನ್ನಿಗೆ ಬಡಿದು, ಬೆಳಕಿಗೆ ಹಿಡಿದು ಆರಿಸಿ, ಅರಿಶಿನ ಸವರಿದ್ದು. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ರವಿಕೆ ಕಣ. ಇನ್ನೊಂದು ಅದರ ಮೇಲೆ ಮುಚ್ಚಿದ್ದು. ಅಪ್ಪನ ಜೊತೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದವಳು ನಾನು. ಅತ್ತೆ ಬಳೆ ನೋಡುವ ಮೊದಲೇ ಮೊರ ಮಗುಚಿ ನೋಡುವಳು. “ಅತ್ತಿಗೆ ಈ ಸಲ ಮೊರ ಕೊಟ್ಟಿದ್ದೋ, ಜರಡಿ ಕೊಟ್ಟಿದ್ದೋ?” ಎನ್ನುವಳು. ನಾನು ಮನೆಗೆ ಬಂದು ಒಂದಕ್ಷರ ಬಿಡದೆ ಒಪ್ಪಿಸಿದರೆ ಅಮ್ಮ, “ಅವಳ ಮನೆ ಅಕ್ಕೀಲಿ ಕಲ್ಲೇ ಜಾಸ್ತಿ, ಜರಡಿಯೇ ಸಮ” ಎಂದು ನಗುವಳು.

ಅರಿಶಿನ ಹಚ್ಚುವುದು ಕೊಡುವವರ ಕೆಲಸ, ಮೆಂತ್ಯ ಬಳಿಯುವುದು ಪಡೆದವರದ್ದು. ಅರೆದ ಮೆಂತ್ಯಕ್ಕೆ ನೆನೆಸಿದ ಹಳೇ ಕಾಗದ ಕಲಸಿ, ಹೆಣಿಗೆಯ ಸಂದು ಮುಚ್ಚುವಂತೆ ಬಳಿದು, ಅತ್ತೆ ಮೊರಗಳನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ತೂಗುಹಾಕುತ್ತಿದ್ದಳು. ಹೊಗೆ ಕುಡಿದ ಮೊರಕ್ಕೆ ಹುಳ ಬೀಳುವುದಿಲ್ಲ. ಆಮೇಲೆ ಅದು ಅಕ್ಕಿ ಕೇರುವ ಮೊರ. ಅಂಚು ಸವೆದ ಮೇಲೆ ಬೂದಿ ತೆಗೆಯುವ ಮೊರ. ತೀರಾ ಹರಿದ ಮೇಲೆ ಅದೇ ಒಲೆಗೆ ಸೌದೆ. ತವರಿನ ಉಡುಗೊರೆ ಕಡೆಗೆ ಬಿಸಿನೀರಾಗಿ ಅವಳ ಮೈಮೇಲೆ ಸುರಿದು ಮುಗಿಯುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೆ ಮುಗಿಯುವ ಉಡುಗೊರೆಗಳು ಇದ್ದಿರಬೇಕು.

ಅಪ್ಪ ಅಮ್ಮ ಹೋದರು, ಶೆಟ್ಟಿಕೊಪ್ಪದ ಮನೆ ಬೇರೆಯವರದ್ದಾಯಿತು, ನನ್ನ ತಮ್ಮ ನರಸಿಂಹರಾಜಪುರದ ಪೇಟೆಗೆ ಬಂದ. ಕೆಲವು ವರ್ಷ ಬಾಗಿನವೇ ಹೋಗಲಿಲ್ಲ. ಅತ್ತೆ ಕೇಳಲೂ ಇಲ್ಲ. ಹೋದ ವರ್ಷ ತಮ್ಮನಿಗೆ ಏನನ್ನಿಸಿತೋ, ಅಂಗಡಿಯ ರೆಡಿ ಬಾಗಿನ ತಂದು ಯಾರದೋ ಕೈಯಲ್ಲಿ ಕಳಿಸಿದ. ಬಂಗಾರದ ಬಣ್ಣದ ಪ್ಲಾಸ್ಟಿಕ್ ಮೊರ, ಅಂಗೈಗಿಂತ ತುಸು ದೊಡ್ಡದು. ಒಳಗೆ ಚಿಟಿಕೆ ಚಿಟಿಕೆ ಬೇಳೆಯ ಪೊಟ್ಟಣ. ಕೇರಲು ಬಾರದ ಮೊರ, ಮುಖ ಕಾಣದ ಕನ್ನಡಿ, ಕೂದಲಿಗೆ ತಾಗದ ಬಾಚಣಿಗೆ, ಕೂಸಿನ ಕೈಗೂ ಏರದ ಬಳೆ. ಇದನ್ನು ಸಂಪ್ರದಾಯ ಎಂದು ಮಾರುವವರಿಗೆ, ಸುಲಭವಾಯಿತೆಂದು ಕೊಳ್ಳುವ ನಮಗೆ, ನಾಚಿಕೆ ಎಂಬುದು ಎಲ್ಲಿ ಹೋಯಿತು?

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಚಿಕ್ಕದಾದರೂ ತವರಿನ ಮೊರ, ಈಗಿನವರು ಹೀಗೇ ಮಾಡುತ್ತಾರೇನೋ ಎಂದುಕೊಂಡಳು. ಮೆಂತ್ಯ ಅರೆದಳು, ಬಳಿದಳು, ಗಳಕ್ಕೆ ತೂಗುಹಾಕಿ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆ ಮೊರ ಬಾಗಿ, ಕರಗಿ, ಒಲೆಗಲ್ಲಿನ ಮೇಲೆ ಹನಿಹನಿಯಾಗಿ ಬಿತ್ತು. ಬಚ್ಚಲು ತುಂಬ ಕಪ್ಪು ಹೊಗೆ. ಕೆಮ್ಮುತ್ತಾ ಹೊರಬಂದ ಅತ್ತೆಯನ್ನು ಮೊಮ್ಮಗಳು ಫೋನಿನಲ್ಲಿ ಹಿಡಿದು ಮನೆಮಂದಿಯ ಗ್ರೂಪಿಗೆ ಹಾಕಿದಳು. ಎಲ್ಲರಿಗಿಂತ ಮೊದಲು ನಗುವ ಮುಖ ಕಳಿಸಿದವನು ನನ್ನ ತಮ್ಮ.

ನಾನು ಈಗಿರುವ ಕೊಪ್ಪದಿಂದ ಅದೇ ದಿನ ಹೋದೆ. ಅತ್ತೆ ಊಟ ಬಿಟ್ಟು ಕೂತಿದ್ದಳು. ನನ್ನ ಕೈ ಹಿಡಿದು, “ತವರಿನ ಬಾಗಿನಾನ ಕೈಯಾರೆ ಸುಟ್ಟೆ ಕೂಸೇ. ಮಾಣಿಗೆ ಎಂತೂ ಆಗದೆ ಇರ್ಲಿ” ಎಂದಳು. ಮಾಣಿಯೆಂದರೆ ನನ್ನ ತಮ್ಮ; ಬಳಸುವ ಮೊದಲೇ ಬಾಗಿನ ಸುಟ್ಟುಹೋದರೆ ಕಳಿಸಿದವರಿಗೆ ಕೇಡು ಎಂಬ ಭಯ ಅವಳದು. ಅದು ಬರೀ ಪ್ಲಾಸ್ಟಿಕ್, ಅದಕ್ಕೇನೂ ಇಲ್ಲ ಎಂದೆ. “ಅಂವ ನೆನಪಿಟ್ಟು ಕಳಿಸಿದ್ದಲ್ದಾ?” ಎಂದಳು. ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿ, ಒಂದು ಮಾತು ಅವಳ ಹತ್ತಿರ ಆಡು ಎಂದು ಬೈದೆ. ಆಮೇಲೆ ಮಾಡುತ್ತೇನೆ ಎಂದ. ಮಾಡಲಿಲ್ಲ. ಅತ್ತೆ ದಿನವೂ ದೇವರೆದುರು ಅವನ ಹೆಸರಿಗೆ ದೀಪ ಹಚ್ಚಿದಳು. ಬೇಸಗೆ ಮುಗಿಯುವ ಮೊದಲೇ ಹೋದಳು.

ಈ ಸಲ ಗೌರಿ ಹಬ್ಬಕ್ಕೆ ಹುಡುಕಿ ಹುಡುಕಿ ಬಿದಿರಿನ ಮೊರ ತಂದೆ, ಅತ್ತೆಯ ಸೊಸೆಗೆ ಕೊಡಲೆಂದು. ಅವಳು ಸಂಕೋಚದಿಂದಲೇ ತೆಗೆದುಕೊಂಡಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ ಕಂಡೆ, ಒಲೆಗಲ್ಲಿನ ಮೇಲೆ ಬಂಗಾರದ ಬಣ್ಣದ ಗಂಟು. ಕತ್ತಿಯಿಂದ ಕೆತ್ತಿದರೂ ಏಳುವುದಿಲ್ಲವಂತೆ. ಅಮ್ಮ ಕೊಟ್ಟ ಅಷ್ಟೂ ಮೊರ ಬೂದಿಯಾಗಿ, ಬಿಸಿನೀರಾಗಿ ಹೋದವು. ಅತ್ತೆಯ ತವರಿನದೆಂದು ಆ ಮನೆಯಲ್ಲಿ ಉಳಿದಿರುವುದು ಅದೊಂದೇ.