ಗ್ರಂಥಾಲಯದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಬೀದರಿನ ಗಾಂಧಿ ಗಂಜ್ ಪೇಟೆಯಿಂದ ತಂದ ತೊಗರಿ ಬೇಳೆಯನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದೆ. ಹೊಸ ಬೇಳೆಗೆ ಒಂದು ವಾಸನೆ ಇರುತ್ತದೆ ನೋಡಿ, ಗೋಣಿಚೀಲದ್ದು, ಸ್ವಲ್ಪ ಮಣ್ಣಿನದು. ಆ ವಾಸನೆ ಬಂತೆಂದರೆ ನನ್ನ ಮನಸ್ಸು ಸಂತಪುರದ ತವರುಮನೆಗೆ ಹೋಗಿಬಿಡುತ್ತದೆ. ಇಲ್ಲಿ ಕೈ ಕಲ್ಲು ಬಿಟ್ಟು ಬೇಳೆಯನ್ನೇ ಆರಿಸಿ ಎಸೆಯುತ್ತಿರುತ್ತದೆ. ಹಾಗೆ ಎಸೆಯುತ್ತಿದ್ದಾಗಲೇ ಭಾಲ್ಕಿಯಿಂದ ನಾದಿನಿ ಶೋಭಾಳ ಫೋನು ಬಂತು.

“ವೈನಿ, ಹ್ಞೂಂ ಅಂದುಬಿಟ್ಟೇನ್ರಿ. ಗ್ರಂಥಾಲಯದವರು ಇವತ್ತ ಮುಂಜಾನಿ ನನ್ನ ಪ್ರಬಂಧ ಎಲ್ಲಾರಿಗೂ ತೆರದಾರ.”

ಮೊರವನ್ನು ನೆಲಕ್ಕಿಟ್ಟು, ಸೆರಗು ಸರಿ ಮಾಡಿಕೊಂಡು, ದೇವರ ಜಗಲಿಯ ಕಡೆ ಕೈ ಮುಗಿದೆ. ಗ್ರಂಥಾಲಯದ ಸುದ್ದಿಗೆ ಕೈ ಮುಗಿಯುವ ಹೆಂಗಸು ಇಡೀ ನೌಬಾದ ಬಡಾವಣೆಯಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಹೇಳುತ್ತೇನೆ.

ಒಂದರ ಹಿಂದೆ ಒಂದು ಬರ ಬಿದ್ದ ವರ್ಷಗಳವು. ಔರಾದ ಕಡೆಯ ಊರುಗಳಿಂದ ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಓಣಿಯಲ್ಲಿ ನೀರಿನ ಟ್ಯಾಂಕರು ಬಂದ ದಿನವೇ ಹಬ್ಬ. ಒಂದು ಕೊಡ ಹೆಚ್ಚು ಸಿಕ್ಕರೆ, ಅದು ಬಸವಣ್ಣ ನನಗಾಗಿಯೇ ಕಳಿಸಿದ್ದು ಎಂದುಕೊಳ್ಳುತ್ತಿದ್ದೆ. ಪಕ್ಕದ ಮನೆಯವಳಿಗೆ ಸಿಗದಿದ್ದರೆ ಆ ಕೃಪೆಯಲ್ಲಿ ಅರ್ಧ ಕೊಡ ಅವಳ ಮನೆಗೂ ಹೋಗುತ್ತಿತ್ತು, ಅದು ಬೇರೆ ಮಾತು. ಅಂಥ ಹೊತ್ತಿನಲ್ಲಿ ಶೋಭಾ ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ, ಬರಗಾಲದಲ್ಲಿ ನಮ್ಮ ಕಡೆಯ ಹೆಂಗಸರು ಏನು ಅಡುಗೆ ಮಾಡುತ್ತಾರೆ ಎಂಬುದು. ಅಡುಗೆಗೂ ಡಾಕ್ಟರ್ ಪದವಿ ಕೊಡುತ್ತಾರೇನು ಎಂದು ನಮ್ಮ ಯಜಮಾನರು ನಕ್ಕರು. ಹಾಗಾದರೆ ನನಗೆ ಎರಡು ಕೊಡಿಸಿ ಎಂದೆ.

ಅವಳನ್ನು ಸಂತಪುರಕ್ಕೆ ಕರೆದುಕೊಂಡು ಹೋದವಳು ನಾನೇ. ತವರಿನ ನೆರೆಮನೆಯ ತೇಜಮ್ಮ ನನಗೆ ದೊಡ್ಡವ್ವನ ಸಮಾನ. ಹುಣಸೆ ಬೀಜ ಹುರಿದು, ನೆನೆಹಾಕಿ, ಸಿಪ್ಪೆ ತೆಗೆದು ಕುಟ್ಟಿ ಜೋಳದ ಹಿಟ್ಟಿಗೆ ಬೆರೆಸುವುದು, ಹೊಲದ ಬದುವಿನ ಹತ್ತರಕಿ ಸೊಪ್ಪನ್ನು ಎಣ್ಣೆಯಿಲ್ಲದೆ ಬಾಡಿಸುವುದು, ಒಂದೇ ರೊಟ್ಟಿಯನ್ನು ಜಗಳವಾಗದಂತೆ ಮಕ್ಕಳಿಗೆಲ್ಲ ಮುರಿದು ಕೊಡುವುದು, ಎಲ್ಲ ಹೇಳಿದಳು. ಹೇಳಿ ಮುಗಿಸಿ ಒಂದೇ ಮಾತು ಕೇಳಿದಳು.

“ಬರಕೋ ಯವ್ವಾ. ಆದ್ರ ಬರದಿದ್ದು ನಮಗ ತೋರಸ್ಬೇಕು. ನಮ್ಮ ಮೊಮ್ಮಕ್ಕಳು ಪಟ್ಣದಾಗ ಇದನ್ನೆಲ್ಲ ಮರತುಬಿಡ್ತಾವ.”

ನಡುವೆ ಬಾಯಿ ಹಾಕಿ, ತೋರಿಸದಿದ್ದರೆ ನನ್ನನ್ನು ಕೇಳು ದೊಡ್ಡವ್ವ ಎಂದೆ. ಗೋಡೆಯ ಮೇಲೆ ಬಸವಣ್ಣನ ಫೋಟೋ ಇತ್ತು. ಅವನ ಎದುರಿಗೆ ಆಡಿದ ಮಾತು.

ಪ್ರಬಂಧ ಮುಗಿಯಿತು. ಕಪ್ಪು ರಟ್ಟು, ಬಂಗಾರದ ಅಕ್ಷರ ಹಚ್ಚಿಸಿಕೊಂಡು ಬೀದರಿನ ಗ್ರಂಥಾಲಯದ ಕಪಾಟು ಸೇರಿತು. ಶೋಭಾಳ ಹತ್ತಿರ ಉಳಿದಿದ್ದ ಇನ್ನೊಂದು ಪ್ರತಿ ಪುಸ್ತಕ ಮಾಡಿಸಲೆಂದು ಪ್ರಕಾಶಕರೊಬ್ಬರ ಕಡೆ ಹೋಯಿತು. ಹೋದದ್ದು ಹೋಯಿತು, ತಿರುಗಿ ಬರಲಿಲ್ಲ. ಅಷ್ಟರಲ್ಲಿ ತೇಜಮ್ಮನ ಮನೆಯವರೂ ಊರು ಬಿಡುವ ದಿನ ಬಂತು. ಸಂತಪುರದಿಂದ ಬಸ್ಸಿನಲ್ಲಿ ಬೀದರಿಗೆ ಬಂದವರು ಹೈದರಾಬಾದಿನ ರೈಲು ಹತ್ತುವ ಮೊದಲು, ಪುಸ್ತಕ ನೋಡಿಯೇ ಹೋಗುತ್ತೇನೆಂದು ತೇಜಮ್ಮ ಹಟ ಹಿಡಿದಳು. ಕರೆದುಕೊಂಡು ಹೋದೆ.

ಗ್ರಂಥಾಲಯದ ಮೆಟ್ಟಿಲ ಬುಡದಲ್ಲಿ ತೇಜಮ್ಮ ಚಪ್ಪಲಿ ಬಿಟ್ಟಳು. ಚೀಲದಿಂದ ಒಂದು ತೆಂಗಿನಕಾಯಿ ತೆಗೆದಳು. ಬಾಗಿಲಲ್ಲಿದ್ದ ಕಾವಲುಗಾರ ಅವಳನ್ನು ನೋಡಿ, “ಆಯಿ, ಗುಡಿ ಆ ಕಡಿ ಅದರಿ” ಎಂದ. ನಾವು ಬಂದದ್ದು ಪುಸ್ತಕಕ್ಕೆ ಎಂದು ತಿಳಿಸಿದ ಮೇಲೆ ಕಾರ್ಡು ಕೇಳಿದ. ಒಳಗಿನಿಂದ ಗ್ರಂಥಪಾಲಕರೂ ಬಂದರು. ಒಳ್ಳೆಯ ಮನುಷ್ಯರು, ನಿಲ್ಲಿಸಿಕೊಂಡು ಮಾತಾಡಿಸಲಿಲ್ಲ, ಕುರ್ಚಿ ಹಾಕಿಸಿದರು. ಆದರೆ ಪ್ರಬಂಧಗಳನ್ನು ಕಾಲೇಜಿನ ಪತ್ರ ತಂದ ವಿದ್ಯಾರ್ಥಿಗಳಿಗೆ ಮಾತ್ರ ತೋರಿಸುವ ನಿಯಮ; ಅದನ್ನು ಮೀರುವಂತಿರಲಿಲ್ಲ.

ತೇಜಮ್ಮ ಸಿಟ್ಟಾಗಲಿಲ್ಲ. “ನಮ್ಮ ಅಡಗಿ ನೋಡ್ಲಾಕ ನಮಗೇ ಚೀಟಿ ಬೇಕಂತ, ಕೇಳವ್ವ” ಎಂದು ನಕ್ಕಳು. ತಂದ ಕಾಯಿಯನ್ನು ವಾಪಸ್ ಒಯ್ಯಬಾರದೆಂದು ಅಲ್ಲೇ ಮೆಟ್ಟಿಲಿಗೆ ಒಡೆದು, ಕಾವಲುಗಾರನಿಗೂ ಒಂದು ಚೂರು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಹೊರಟಳು. ಮಳೆ ಬಂದ ಮೇಲೂ ಅವರು ಊರಿಗೆ ತಿರುಗಿ ಬರಲಿಲ್ಲ, ಹೈದರಾಬಾದಿನಲ್ಲೇ ನಿಂತರು.

ಇತ್ತೀಚೆಗೆ ಗ್ರಂಥಾಲಯದವರು ಹಳೆಯ ಪ್ರಬಂಧಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನ ಭಂಡಾರದಲ್ಲಿ ಇಡತೊಡಗಿದ್ದಾರೆ. ಬರೆದವರು ಒಪ್ಪಿದರೆ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಕಾರ್ಡಿಲ್ಲದೆ ಕಾಸಿಲ್ಲದೆ ತೆರೆದು ಓದಬಹುದು. ಒಪ್ಪದಿದ್ದರೆ ಅಲ್ಲಿಯೂ ಬೀಗ. ಶೋಭಾ ಒಪ್ಪಿರಲಿಲ್ಲ. ಹೋದ ವಾರ ಅವಳು ಮನೆಗೆ ಬಂದಾಗ ಇದೇ ಮಾತು ಬಂತು.

“ಯಾರರೆ ಕದ್ದು ತಮ್ಮ ಹೆಸರಿಲೆ ಅಚ್ಚು ಹಾಕಿಸಿದ್ರ ಏನ್ ಮಾಡ್ಲಿ ವೈನಿ? ಅಷ್ಟ ವರ್ಷ ತಿರಗಿ ಬರದೀನಿ.”

ಅವಳ ಹೆದರಿಕೆ ಸುಳ್ಳೇನಲ್ಲ. ಬಿಸಿಲಲ್ಲಿ ಊರೂರು ಅಲೆದು ಅವಳ ಕಾಲು ಒಡೆದಿದ್ದನ್ನು ನಾನೇ ನೋಡಿದ್ದೇನೆ. ಆದರೆ ಗ್ರಂಥಪಾಲಕರು ಅವಳಿಗೆ ಹೇಳಿದ್ದರಂತೆ: ಎಲ್ಲರ ಕಣ್ಣೆದುರು ನಿಮ್ಮ ಹೆಸರಿನಲ್ಲಿದ್ದರೆ ಕಳ್ಳನೇ ಸಿಕ್ಕಿಬೀಳುತ್ತಾನೆ, ಕದಿಯಲು ಅನುಕೂಲ ಕಪಾಟಿನ ಕತ್ತಲೆಯಲ್ಲೇ. ನನಗೆ ಅಷ್ಟೆಲ್ಲ ವಾದ ಬರುವುದಿಲ್ಲ. ಹೊರಡುವಾಗ, ಅವಳು ಶೇಂಗಾ ಚಟ್ನಿ ತಂದಿದ್ದ ಡಬ್ಬಿಯಲ್ಲಿ ನಾನು ನಾಲ್ಕು ಉಂಡಿ ತುಂಬಿ ಕೈಗಿಟ್ಟೆ. ಯಾಕ್ರಿ ವೈನಿ ಇದೆಲ್ಲ ಎಂದಳು.

“ಖಾಲಿ ಡಬ್ಬಿ ತಿರುಗಿ ಕೊಡ್ತಾರೇನ? ತೇಜಮ್ಮ ಮಾತು ತುಂಬಿ ಕೊಟ್ಟ ಡಬ್ಬಿ ಇನ್ನೂ ನಿನ್ನ ಮನ್ಯಾಗೇ ಅದ ನೋಡು.”

ಶೋಭಾ ಡಬ್ಬಿ ಹಿಡಿದುಕೊಂಡು ಆಟೋ ಹತ್ತಿದಳು. ನಾನು ಹೆಚ್ಚು ಮಾತಾಡಿದೆನೇನೋ ಎಂದು ವಾರವೆಲ್ಲ ಕಸಿವಿಸಿ.

ಅದರ ಮೇಲೆ ಈ ಫೋನು. ಅವಳು ಕಳಿಸಿದ ಲಿಂಕನ್ನು ತೇಜಮ್ಮನ ಮೊಮ್ಮಗಳು ಅಂಬಿಕಾಳಿಗೆ ಕಳಿಸಿದೆ. ನನ್ನ ಫೋನಿನಲ್ಲಿ ಒತ್ತಬೇಕಾದದ್ದನ್ನು ಒತ್ತದೆ, ಮೊದಲು ನಮ್ಮ ಬಳೆಗಾರ್ತಿಗೆ ಹೋಯಿತು. ಹೋಗಲಿ, ಅವಳೂ ಓದಲಿ, ತೆರೆದ ಬಾಗಿಲು. ಸ್ವಲ್ಪ ಹೊತ್ತಿಗೆ ಹೈದರಾಬಾದಿನಿಂದ ಫೋನು ಬಂತು. ತೇಜಮ್ಮನ ದನಿ ಸಣ್ಣಗಾಗಿದೆ.

“ಯವ್ವಾ, ಅಂಬಿಕಾ ಓದಿ ಹೇಳಿದಳು. ನಾ ಹ್ಯಾಂಗ ಹೇಳಿದ್ನೋ ಹಾಂಗೇ ಅದ. ಹುಣಸಿ ಬೀಜ ಎಲ್ಲಿ ಸಿಗ್ತಾವ ಅಂತ ಆಗಲೇ ಕೇಳ್ಲಾಕತ್ಯಾಳ.” ಆಮೇಲೆ, “ಈಗ ಯಾರೂ ಚೀಟಿ ಕೇಳಂಗಿಲ್ಲೇನು?” ಎಂದಳು.

“ಇಲ್ಲ ದೊಡ್ಡವ್ವ. ಚಪ್ಪಲಿನೂ ಬಿಡೋದು ಬ್ಯಾಡ.”

ಹಿಂದಿನಿಂದ ಅಂಬಿಕಾ ನಗುವುದು ಕೇಳಿಸಿತು. “ಆಯಿ ಆಗಲೇ ಚಪ್ಪಲಿ ಬಿಟ್ಟು ಕುಂತಾಳ್ರಿ ಅತ್ತಿ.”

ಫೋನಿಟ್ಟು ಮೊರವನ್ನು ಹತ್ತಿರ ಎಳೆದುಕೊಂಡೆ. ಕಲ್ಲಿನ ಜೊತೆ ಎಸೆದಿದ್ದ ಬೇಳೆಯನ್ನೆಲ್ಲ ತಿರುಗಿ ಆರಿಸಿ, ತೊಳೆದು, ಒಲೆಯ ಮೇಲಿಟ್ಟೆ.